ಪೀವಿಯೋ ರೆಕ್ಟಿಫೈಯರೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಡ್ರಮ್ಮರ್,

ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಯಾವುದು ಮಾರಾಯ, ಪೀವಿಯೋ ರೆಕ್ಟಿಫೈಯರೋ?" ಎರಡೂ ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್, ಅಂದರೆ ಆಂಪ್; ನಾನು ಕೊಳ್ಳುವುದು ಒಂದು. ಬರೆದು ಹೇಳುತ್ತೇನೆ ಅಂದೆ. ಈ ಪ್ರಶ್ನೆಯನ್ನು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹುಡುಗರೂ ಆಗಾಗ ಕೇಳುತ್ತಾರೆ. ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ಹಸಿರು ಬಕೆಟ್ಟಿನ ವಿಷಯ ಬರೆಯುವುದಿಲ್ಲ, ಹೆದರಬೇಡ.

ಎರಡನ್ನೂ ಒಂದೇ ದಿನ ನುಡಿಸಿ ನೋಡಿದೆ. ಮೈಸೂರಿನಲ್ಲಿ ಒಬ್ಬ ಹುಡುಗನ ಮನೆ, ಮಹಡಿಯ ರೂಮು. ಒಂದು ಕಡೆ ಪೀವಿ 6505, 120 ವಾಟ್. ಪಕ್ಕದಲ್ಲಿ ಮೆಸಾ ಬೂಗಿಯ ಡ್ಯುಯಲ್ ರೆಕ್ಟಿಫೈಯರ್, 100 ವಾಟ್. ಎರಡಕ್ಕೂ ಒಂದೇ ಕ್ಯಾಬಿನೆಟ್, ಒಳಗೆ ಹನ್ನೆರಡು ಇಂಚಿನ ನಾಲ್ಕು ಸೆಲೆಶನ್ ವಿಂಟೇಜ್ 30 ಸ್ಪೀಕರ್. ಗಿಟಾರ್ ಅದೇ, ಕೇಬಲ್ ಅದೇ. ಹೀಗೆ ಮಾಡದೆ ಎರಡು ಆಂಪ್ ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಸ್ಪೀಕರ್ ಬದಲಾದರೆ ಸದ್ದು ಎಷ್ಟು ಬದಲಾಗುತ್ತದೆ ಅಂತ ನಿನಗೆ ಗೊತ್ತಲ್ವಾ, ಸೋಮವಾರಪೇಟೆಯ ಆ ಕಾರ್ಯಕ್ರಮದಲ್ಲಿ ನೋಡಿದ್ದೇವೆ.

ಪೀವಿಯ ಕಥೆ ಹುಡುಗರಿಗಾಗಿ ಹೇಳುತ್ತೇನೆ. 1992ರಲ್ಲಿ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ ಪೀವಿ ಕಂಪನಿ 5150 ಅನ್ನುವ ಆಂಪ್ ತಂದಿತು. 2004ರಲ್ಲಿ ಅವರಿಬ್ಬರ ದಾರಿ ಬೇರೆಯಾಯಿತು. ಹೆಸರು ಎಡ್ಡಿಯ ಜೊತೆ ಹೋಯಿತು, ಆಂಪ್ ಪೀವಿಯಲ್ಲೇ ಉಳಿಯಿತು. ಕಂಪನಿ ಶುರುವಾದ 1965, ನಲವತ್ತು ತುಂಬಿದ 2005, ಎರಡರ ಕೊನೆಯ ಅಂಕಿ ಜೋಡಿಸಿ 6505 ಅಂತ ಹೊಸ ಹೆಸರಿಟ್ಟರು. ಒಳಗಿನ ಸರ್ಕ್ಯೂಟ್ ಹೆಚ್ಚುಕಡಿಮೆ ಹಳೆಯದೇ. ಸಿಗ್ನಲ್ ಹಿಗ್ಗಿಸುವುದು ಗಾಜಿನ ಟ್ಯೂಬ್‌ಗಳು: ಹಿಂದೆ ನಾಲ್ಕು 6ಎಲ್6 ಪವರ್ ಟ್ಯೂಬ್, ಮುಂದೆ 12ಎಎಕ್ಸ್7 ಟ್ಯೂಬ್‌ಗಳ ಸಾಲು. ಒಂದು ಹಂತದಲ್ಲಿ ಹಿಗ್ಗಿದ ಸಿಗ್ನಲ್ ಮುಂದಿನ ಹಂತಕ್ಕೆ ಹೋಗುತ್ತದೆ. ಅಲ್ಲಿ ಜಾಗ ಸಾಲದೆ ಅದರ ನೆತ್ತಿ ಕತ್ತರಿಸಿ ಹೋಗುತ್ತದೆ. ಮತ್ತೆ ಹಿಗ್ಗುತ್ತದೆ, ಮತ್ತೆ ಕತ್ತರಿಸಿ ಹೋಗುತ್ತದೆ. ನಾವು ಪ್ರೀತಿಸುವ ಆ ಗರ್ಜನೆ ಹುಟ್ಟುವುದು ಹೀಗೆ.

ಪೀವಿಯಲ್ಲಿ ಪಾಮ್ ಮ್ಯೂಟ್, ಅಂದರೆ ಅಂಗೈ ಅಂಚನ್ನು ತಂತಿಗೆ ಒತ್ತಿ ಹೊಡೆದ ಕೂಡಲೇ ಸದ್ದು ನಿಲ್ಲುತ್ತದೆ. ದಪ್ಪ ಇ ತಂತಿಯನ್ನು ಸಿ ಸ್ವರಕ್ಕೆ ಇಳಿಸಿ ನುಡಿಸಿದೆ. ಆಗಲೂ ಪ್ರತಿ ಏಟು ಬಿಡಿಬಿಡಿಯಾಗಿ ಕೇಳಿಸಿತು. ಮಧ್ಯದ ಸ್ವರಗಳು ಮುಂದೆ ಬಂದು ನಿಲ್ಲುತ್ತವೆ. ನಿನ್ನ ಡಬಲ್ ಬಾಸ್ ಪೆಡಲ್ ಜೊತೆ ಇದು ಹೇಗೆ ಕೂರುತ್ತದೆ ಅಂತ ಅಲ್ಲೇ ಅಂದಾಜಾಯಿತು.

ರೆಕ್ಟಿಫೈಯರ್ ಬೇರೆಯೇ ಪ್ರಾಣಿ. ಕ್ಯಾಲಿಫೋರ್ನಿಯಾದಲ್ಲಿ ರ‍್ಯಾಂಡಲ್ ಸ್ಮಿತ್ ಕಟ್ಟಿದ ಕಂಪನಿ ಅದು, 2021ರಿಂದ ಗಿಬ್ಸನ್ ಕೈಯಲ್ಲಿದೆ. ಗೋಡೆಯ ಕರೆಂಟನ್ನು ಡಿಸಿ ಮಾಡುವ ಕೆಲಸಕ್ಕೆ ಇದರಲ್ಲಿ ಎರಡು ದಾರಿ. ಸಿಲಿಕಾನ್ ಡಯೋಡ್ ಇದೆ, ಟ್ಯೂಬ್ ಕೂಡ ಇದೆ. ಸ್ವಿಚ್ ಹಾಕಿ ಯಾವುದು ಬೇಕೋ ಆರಿಸಬಹುದು. ಆಂಪ್‌ಗೆ ಹೆಸರು ಬಂದದ್ದೇ ಅಲ್ಲಿಂದ. ಟ್ಯೂಬಿಗೆ ಹಾಕಿ ಜೋರಾಗಿ ಒಂದು ಕಾರ್ಡ್ ಹೊಡೆದೆ. ಒಳಗಿನ ವೋಲ್ಟೇಜ್ ಸ್ವಲ್ಪ ಕುಸಿದು ಮತ್ತೆ ಏರಿತು. ಮಳೆಗೆ ನೆಂದ ಗದ್ದೆಯ ಬದುವಿನ ಮೇಲೆ ಕಾಲಿಟ್ಟರೆ ಒಂದು ಕ್ಷಣ ಒಳಗೆ ಹೋಗಿ ಮೇಲೆ ಬರುತ್ತದಲ್ಲ, ಹಾಗೆ. ಮಾಡರ್ನ್ ಮೋಡ್‌ನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇರುವುದಿಲ್ಲ, ಸ್ಪೀಕರನ್ನು ಹಿಡಿದು ನಿಲ್ಲಿಸುವ ಕಡಿವಾಣ ಸಡಿಲವಾಗುತ್ತದೆ. ಅದಕ್ಕೇ ಕೆಳಗೆ ಅಷ್ಟು ದೊಡ್ಡ ಸದ್ದು, ಮೇಲೆ ಅಷ್ಟು ಒರಟು. ಒಬ್ಬನೇ ನುಡಿಸುವಾಗ ಎದೆ ತುಂಬುತ್ತದೆ. ಬ್ಯಾಂಡಿನಲ್ಲಿ ಬಾಸ್ ಗಿಟಾರಿನವನ ಜಾಗವನ್ನೂ ತಾನೇ ತಿನ್ನುತ್ತದೆ. ಇದನ್ನು ಬಿಗಿ ಮಾಡಲು ಎಲ್ಲರೂ ಮುಂದೆ ಟ್ಯೂಬ್ ಸ್ಕ್ರೀಮರ್ ಅನ್ನುವ ಒಂದು ಪೆಡಲ್ ಹಾಕುತ್ತಾರೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಆ ಹಸಿರು ಪೆಟ್ಟಿಗೆ ಬಾಸ್ ಕತ್ತರಿಸಿ 720 ಹರ್ಟ್ಸ್ ಸುತ್ತಮುತ್ತ ಒಂದು ಉಬ್ಬು ಕೊಡುತ್ತದೆ. ಆಮೇಲೆ ರೆಕ್ಟಿಫೈಯರ್ ಮಾತು ಕೇಳುತ್ತದೆ.

ಇಷ್ಟು ಹೊತ್ತಿಗೆ ನನಗೆ ಪೀವಿಯೇ ಹಿಡಿಸಿತ್ತು. ಖಚಿತ ಮಾಡಿಕೊಳ್ಳೋಣ ಅಂತ ಗೋಡೆ ಕಡೆ ತಿರುಗಿ ನಿಂತೆ. ಯಾವುದು ಯಾವುದು ಅಂತ ಹೇಳದೆ ಬದಲಾಯಿಸುತ್ತಾ ಹೋಗು ಅಂತ ಆ ಹುಡುಗನಿಗೆ ಹೇಳಿದೆ. ಕೆಳಗಿನ ಸ್ವರಗಳಲ್ಲಿ ಪ್ರತಿ ಸಲ ಸರಿಯಾಗಿ ಗುರುತಿಸಿದೆ. ಆಮೇಲೆ ಅವನು ಕೇಳಿದ, "ಅಣ್ಣಾ, ಪೀವಿಯಲ್ಲಿ ಮೇಲೆ ಸ್ಸ್ಸ್ ಅಂತ ಒಂದು ನೊರೆ ಬರ್ತಿದೆ ಅಲ್ವಾ, ಅದು ನಿಮಗೆ ತೊಂದರೆ ಅನಿಸಲ್ವಾ?"

ನನಗೆ ಆ ನೊರೆ ಕೇಳಿಸುತ್ತಿರಲಿಲ್ಲ.

ತೀರಾ ಮೇಲಿನ ಸ್ವರಗಳನ್ನು ಏರಿಸುವ ಪ್ರೆಸೆನ್ಸ್ ನಾಬ್ ಎಲ್ಲಿದೆ ನೋಡಿದೆ. ನಾನೇ ಏರಿಸಿ ಏರಿಸಿ ಕೊನೆಗೆ ತಂದಿದ್ದೆ. ಅವನು ಕಿವಿ ಸ್ವಲ್ಪ ಆ ಕಡೆ ತಿರುಗಿಸಿಕೊಂಡು ನಿಂತಿದ್ದ, ಪಾಪ, ದೊಡ್ಡವರು ಅಂತ ಸುಮ್ನೆ ಇದ್ದ.

ಮುಂದಿನ ವಾರ ಕಿವಿ ಡಾಕ್ಟರ ಹತ್ತಿರ ಹೋದೆ. ಸದ್ದು ಬಾರದ ಪುಟ್ಟ ಡಬ್ಬಿಯಂಥ ರೂಮಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಕೇಳಿಸಿದಾಗ ಬಟನ್ ಒತ್ತಬೇಕು. ಕೊನೆಗೆ ಒಂದು ಗ್ರಾಫ್ ಕೊಟ್ಟರು. ಬಲಗಿವಿಯ ಗೆರೆ ಪರವಾಗಿಲ್ಲ. ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಧುಮುಕಿ, ಆಮೇಲೆ ಸ್ವಲ್ಪ ಮೇಲೆ ಬರುತ್ತದೆ. ಜೋರು ಸದ್ದಿನಿಂದ ಹಾಳಾದ ಕಿವಿಯ ಗುರುತೇ ಅದಂತೆ. ಮೊದಲು ಹೋಗುವುದು 3000ದಿಂದ 6000 ಹರ್ಟ್ಸ್ ನಡುವಿನ ಭಾಗ. ಒಳಕಿವಿಯಲ್ಲಿ ಸಣ್ಣ ಕೂದಲಿನಂಥ ಕೋಶಗಳಿವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಔಷಧಿ ಇಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದರು.

"ಏನು ಕೆಲಸ ನಿಮ್ಮದು?" ಅಂತ ಕೇಳಿದರು. ಸಿದ್ದಾಪುರದ ಹತ್ತಿರ ಕಾಫಿ ತೋಟ ಅಂದೆ. ಕಳೆ ಕೊಚ್ಚುವ ಮೆಷಿನ್ ಹಿಡಿಯುತ್ತೀರಾ? ಹಿಡಿಯುತ್ತೇನೆ, ಆಳು ಸಿಗುವುದಿಲ್ಲ. ಕೋವಿ? ಇದೆ. ಆನೆ ಓಡಿಸಲು ಪಟಾಕಿ? ಅದೂ ಇದೆ. ಬಲ ಹೆಗಲಿಗೆ ಕೋವಿ ಇಟ್ಟು ಹೊಡೆಯುವವರಿಗೆ ಎಡಗಿವಿಯೇ ನಳಿಗೆಯ ಬಾಯಿಗೆ ಹತ್ತಿರವಾಗುತ್ತದೆ. ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಒಂದು ಗುಂಡಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ನಮ್ಮಲ್ಲಿ ಯಾರು ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇವೆ ಹೇಳು? ಗಿಟಾರ್ ವಿಷಯ ಡಾಕ್ಟರು ಕೇಳಲಿಲ್ಲ, ನಾನೇ ಹೇಳಿದೆ. ಸ್ಟೇಜಿನ ಮೇಲೆ ನನ್ನ ಎಡಗಡೆ ನಿನ್ನ ಕ್ರ್ಯಾಶ್ ಸಿಂಬಲ್ ಇರುತ್ತಿತ್ತು. ಅದನ್ನು ಹೇಳಲಿಲ್ಲ. ನಿನ್ನ ಮೇಲೆ ದೂರು ಇಲ್ಲ. ಆ ಸದ್ದು ಮತ್ತೆ ಬೇಕು ನನಗೆ.

ಒಂದು ಲೆಕ್ಕ ಹೇಳುತ್ತೇನೆ, ಹುಡುಗರೂ ಕೇಳಿ. ವಿಂಟೇಜ್ 30 ಸ್ಪೀಕರಿಗೆ ಬರೀ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಸದ್ದು ಬರುತ್ತದೆ. ಒಂದೇ ವಾಟ್! 20 ವಾಟ್ ಅಂದರೆ 113. 120 ವಾಟ್ ಪೂರ್ತಿ ತೆರೆದರೆ 120 ಡೆಸಿಬೆಲ್ ಮೇಲೆ. ಇನ್ನು ಕಿವಿಯ ಕಡೆಯ ಲೆಕ್ಕ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಬರುವಾಗ ಉಳಿಯುವುದು ಹದಿನೈದು ನಿಮಿಷ. ನಮ್ಮ ಹಳೇ ಪ್ರಾಕ್ಟೀಸ್ ರೂಮು ನೆನಪಿದೆಯಲ್ಲ? ತಗಡಿನ ಮಾಡು, ಒಂದು ಕಿಟಕಿ. ಅಲ್ಲಿ ಹದಿನೈದು ನಿಮಿಷಕ್ಕೆ ನೀನು ಸ್ನೇರ್ ಟ್ಯೂನ್ ಮಾಡಿ ಮುಗಿಸುತ್ತಿರಲಿಲ್ಲ.

ಈ ಲೆಕ್ಕದ ಪ್ರಕಾರ ನನಗೆ ಸರಿಯಾದದ್ದು ಸಣ್ಣ ಆಂಪ್. ಎರಡಕ್ಕೂ ಮರಿಗಳಿವೆ. 6505 ಎಂಎಚ್ 20 ವಾಟ್, ಸ್ವಿಚ್ ಹಾಕಿದರೆ 5, ಇನ್ನೂ ಇಳಿಸಿದರೆ 1. ಮಿನಿ ರೆಕ್ಟಿಫೈಯರ್ 25 ವಾಟ್, ಇಳಿಸಿದರೆ 10. ಎರಡರಲ್ಲೂ ಇಎಲ್84 ಪವರ್ ಟ್ಯೂಬ್. ಮನೆಗೆ ಇಷ್ಟು ಧಾರಾಳ ಸಾಕು. ಅಷ್ಟಕ್ಕೂ ಸಿಗುವ ಹಳೆಯ ದೊಡ್ಡ ರೆಕ್ಟಿಫೈಯರ್ ಅಮೆರಿಕದಿಂದ ತಂದದ್ದು, 120 ವೋಲ್ಟಿನದು. ನಮ್ಮ 230ಕ್ಕೆ ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಇಲ್ಲಿಯ ಕರೆಂಟ್ ಹೇಗೆ ಕುಣಿಯುತ್ತದೆ ಅಂತ ನಿನಗೆ ಹೇಳಬೇಕಾ? ತೇವಕ್ಕೆ ಬೂಷ್ಟು ಹಿಡಿಯದಿರಲಿ ಅಂತ ಗಿಟಾರನ್ನೇ ಬಲ್ಬ್ ಉರಿಸಿದ ಬೀರುವಿನಲ್ಲಿ ಇಟ್ಟಿದ್ದೇನೆ.

ಆದರೂ ಮನಸ್ಸು ದೊಡ್ಡದರ ಕಡೆಗೇ ಎಳೆಯುತ್ತದೆ. ಯಾಕೆ ಅಂತ ಹೇಳುತ್ತೇನೆ. ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ.

ಸಂಜೆ ತೋಟದ ಕಡೆ ಮುಖ ಮಾಡಿ ಕುಳಿತರೆ ಜೀರುಂಡೆಗಳು ಕೂಗುವುದು ಕೇಳುತ್ತಿತ್ತು. ಈಚೆಗೆ ರಾತ್ರಿಯೂ ನಿಲ್ಲುತ್ತಿರಲಿಲ್ಲ, ಬೆಳಗ್ಗೆಯೂ ಇರುತ್ತಿತ್ತು. ಈ ವರ್ಷ ಜೀರುಂಡೆ ಜಾಸ್ತಿ ಅಂದುಕೊಂಡೆ. ಮೈಸೂರಿನ ಆ ಡಬ್ಬಿ ರೂಮಿನಲ್ಲಿ ದಪ್ಪ ಬಾಗಿಲು ಹಾಕಿದರಲ್ಲ, ಆಗಲೂ ಜೀರುಂಡೆ ಕೂಗುತ್ತಲೇ ಇತ್ತು. ನಗರದ ನಡುವೆ, ನಾಲ್ಕು ಗೋಡೆಯೊಳಗೆ. ಆಗ ಗೊತ್ತಾಯಿತು, ಅದು ತೋಟದ್ದಲ್ಲ, ನನ್ನದೇ. ಮನೆಗೆ ಬಂದು ಇವಳನ್ನು ಕೇಳಿದೆ. ಇವಳಿಗೆ ಮೊದಲೇ ಗೊತ್ತಿತ್ತು. ಯಾವಾಗಿನಿಂದಲೋ ನನ್ನ ಬಲಗಡೆಯೇ ನಡೆಯುತ್ತಾಳೆ. "ಆ ಕಡೆಯಿಂದ ಮಾತಾಡಿದರೆ ಎರಡು ಸಲ ಹೇಳಬೇಕು" ಅಂದಳು. ಅಷ್ಟೇ ಅಂದಳು, ಒಲೆಯ ಹತ್ತಿರ ಹೋದಳು.

ಆನೆ ಬಂದು ಕೊಂಬೆ ಮುರಿದರೆ ಈಗಲೂ ಮೊದಲು ಎಚ್ಚರವಾಗುವುದು ನನಗೇ. ಕೆಳಗಿನ ಸದ್ದೆಲ್ಲ ಗಟ್ಟಿಯಾಗಿದೆ. ಮೇಲಿನದು ಸೋರಿಹೋಗಿದೆ. ಹೋದ ಜಾಗದಲ್ಲಿ ಈ ಕೀ ಅನ್ನುವ ಸದ್ದು ಬಂದು ಕೂತಿದೆ. ಅದು ನಿಲ್ಲುವುದು ಒಂದೇ ಕಡೆ. ದೊಡ್ಡ ಆಂಪಿನ ಮುಂದೆ ನಿಂತು ಜೋರಾಗಿ ನುಡಿಸುವಾಗ ಆ ಕೀ ಮುಚ್ಚಿಹೋಗುತ್ತದೆ. ಮೈಸೂರಿನ ಆ ಮಹಡಿಯಲ್ಲಿ ಎಷ್ಟೋ ತಿಂಗಳ ನಂತರ ನನ್ನ ತಲೆಯೊಳಗೆ ನಿಶ್ಶಬ್ದವಿತ್ತು. 120 ವಾಟ್ ಸದ್ದಿನ ನಡುವೆ. ಮನೆಗೆ ಬಂದ ಮೇಲೆ ಅದು ಇನ್ನೂ ಜೋರಾಗಿ ಶುರುವಾಯಿತು, ನಿಜ. ಕಿವಿ ಹಾಳು ಮಾಡಿದ್ದರ ಒಳಗೇ ಕಿವಿಗೆ ನೆಮ್ಮದಿ ಸಿಗುತ್ತಿದೆ ಅಂದರೆ ನಾನೇನು ಮಾಡಲಿ ಹೇಳು. ಭಯವಾಗುತ್ತದೆ ಮಾರಾಯ. ಬಲಗಿವಿಯೂ ಹೋದರೆ ಅಂತ ರಾತ್ರಿ ಯೋಚನೆ ಬರುತ್ತದೆ. ಗಿಟಾರ್ ಬಿಡು, ಮಗಳು ಹಿಂದಿನಿಂದ ಕರೆದರೆ?

ಸಾಕು. ಆಂಪ್ ಕೊಳ್ಳುವ ಪತ್ರ ಎಲ್ಲೋ ಹೋಯಿತು. ನಿನ್ನ ಮುಖ ಈಗ ಹೇಗಾಗಿರುತ್ತದೆ ಅಂತ ಗೊತ್ತು, ತಲಕಾವೇರಿಯಲ್ಲಿ ಚಪ್ಪಲಿ ಕಳೆದುಕೊಂಡಾಗ ಆದ ಹಾಗೆ. ನಗು ಸ್ವಲ್ಪ.

ತೀರ್ಮಾನ ಕೇಳು. ಪೀವಿಯ ಮರಿಯನ್ನೇ ತೆಗೆದುಕೊಳ್ಳುತ್ತೇನೆ. ಸದ್ದು ಇಳಿಸಿದರೂ ಅದು ಬಿಗಿಯಾಗೇ ಇರುತ್ತದೆ. ರೆಕ್ಟಿಫೈಯರಿನ ಆ ಕುಸಿದು ಏರುವ ಸೊಗಸು ಬರುವುದು ಜೋರಾಗಿ ಓಡಿಸಿದಾಗ, ಆ ಜೋರು ಇನ್ನು ನನಗೆ ದಿನಾ ಬೇಡ. ಹುಡುಗರು ಕೇಳಿದರೆ ಬೇರೆ ಹೇಳುತ್ತೇನೆ. ಸ್ಟೇಜ್ ಇದೆ, ಬ್ಯಾಂಡ್ ಇದೆ, ಕಿವಿ ಚೆನ್ನಾಗಿದೆ ಅಂದರೆ ದೊಡ್ಡ 6505 ತಗೊಳ್ಳಿ. ಕಿವಿಗೆ ಸಂಗೀತದವರು ಹಾಕುವ ಇಯರ್‌ಪ್ಲಗ್ ಮೊದಲು ತಗೊಳ್ಳಿ. ಫೋಮಿನದು ಮೇಲಿನ ಸ್ವರಗಳನ್ನೇ ಜಾಸ್ತಿ ತಿನ್ನುತ್ತದೆ. ಸಂಗೀತದವರದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಸುತ್ತದೆ, ಸದ್ದಿನ ರೂಪ ಕೆಡುವುದಿಲ್ಲ. ಒಬ್ಬರೇ ಮನೆಯಲ್ಲಿ ನುಡಿಸಿ, ದಪ್ಪ ಸದ್ದು ಇಷ್ಟ ಅನ್ನುವವರಿಗೆ ಮಿನಿ ರೆಕ್ಟಿಫೈಯರ್ ಖಂಡಿತ ಹಿಡಿಸುತ್ತದೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಸುಗ್ಗಿ ಹಬ್ಬ ಪುತ್ತರಿಗೆ ಬಾ. ಪ್ರೆಸೆನ್ಸ್, ಟ್ರೆಬಲ್ ನಾಬ್ ನಾನು ಮುಟ್ಟುವುದಿಲ್ಲ. ನೀನು ರೂಮಿನ ಬೇರೆ ಬೇರೆ ಮೂಲೆಯಲ್ಲಿ ನಿಂತು ಕೇಳು, ನೊರೆ ಎಲ್ಲಿ ಶುರುವಾಗುತ್ತದೆ ಹೇಳು. ನೀನು ನಿಲ್ಲಿಸು ಅಂದ ಕಡೆ ಬಿಳಿ ಪೇಂಟಿನಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಅದನ್ನು ದಾಟುವುದಿಲ್ಲ. ಕೋವಿ ಹಾರಿಸುವಾಗ ಈ ಸಲ ಇಬ್ಬರ ಕಿವಿಗೂ ಪ್ಲಗ್ ಇರುತ್ತದೆ, ನಿನ್ನ ಜೋಡಿ ಈಗಾಗಲೇ ತರಿಸಿ ಇಟ್ಟಿದ್ದೇನೆ. ಇವಳು ಪಂದಿ ಕರಿ, ಕಡುಂಬಿಟ್ಟು ಮಾಡುತ್ತೇನೆ ಅಂದಿದ್ದಾಳೆ. ಸ್ನೇರ್ ಒಂದು ತಾ, ಸಿಂಬಲ್ಲೂ ತಾ. ಕ್ರ್ಯಾಶ್ ಮಾತ್ರ ಬಲಗಡೆ ಇಡೋಣ. ಬೇಡ, ಬಲಗಡೆಯೂ ಬೇಡ, ಅಂಗಳದಲ್ಲಿ ಇಡೋಣ.

ನಿನ್ನ,
ಸಿದ್ದಾಪುರದ ಗಿಟಾರಿನವ