ಗೆಳೆಯನಿಗೊಂದು ಪತ್ರ: ಸುಣ್ಣ ಬಳಿಯದೆ ಬಿಟ್ಟ ಗೋಡೆ

ಪ್ರೀತಿಯ ಮಂಜು,

ಹೇಗಿದ್ದೀಯ? ಅಮ್ಮನ ಮಂಡಿನೋವು ಕಡಿಮೆಯಾಯ್ತಾ?

ಬ್ರಿಸ್ಬೇನ್‌ಗೆ ಬಂದು ಎರಡು ವರ್ಷ ಆದರೂ ನಾಟಕದ ಕಡೆ ತಲೆ ಹಾಕಿರಲಿಲ್ಲ. ಹೋದ ಶನಿವಾರ ನದಿಯ ದೋಣಿ ಹತ್ತಿ ನ್ಯೂ ಫಾರ್ಮ್ ಪಾರ್ಕಿಗೆ ಹೋದೆ. ಬೆಂಗಳೂರಿನ ಹಾಗೇ ಇಲ್ಲೂ ಜಕರಂಡಾ ಮರಗಳು, ಆದರೆ ಹೂ ಬಿಡೋದು ಅಕ್ಟೋಬರ್‌ನಲ್ಲಿ. ಪಾರ್ಕಿನ ಪಕ್ಕದಲ್ಲೇ, ನದಿ ದಂಡೆ ಮೇಲೆ, ಒಂದು ಭಾರೀ ಇಟ್ಟಿಗೆ ಕಟ್ಟಡ. ಹೆಸರು ಬ್ರಿಸ್ಬೇನ್ ಪವರ್ ಹೌಸ್. ಒಳಗೆ ಹೋದವನು ಕತ್ತಲಾಗುವವರೆಗೂ ಹೊರಗೆ ಬರಲಿಲ್ಲ ಕಣೋ.

ಅದು ನಿಜವಾಗಿಯೂ ಪವರ್ ಹೌಸೇ. ಊರಿನ ಟ್ರಾಮ್‌ಗಳಿಗೆ ಕರೆಂಟ್ ಬೇಕು ಅಂತ 1928ರಲ್ಲಿ ಶುರು ಮಾಡಿದ್ದು. 1969ರಲ್ಲಿ ಟ್ರಾಮ್ ನಿಂತವು, 1971ರಲ್ಲಿ ಇದಕ್ಕೂ ಬೀಗ ಬಿತ್ತು. ಆಮೇಲೆ ವರ್ಷಗಟ್ಟಲೆ ಪಾಳು. ಮನೆಯಿಲ್ಲದವರು ಬಂದು ಮಲಗುತ್ತಿದ್ದರು, ಹುಡುಗರು ಗೋಡೆ ತುಂಬ ಸ್ಪ್ರೇ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು, ಸೈನ್ಯದವರು ಗುರಿ ಹೊಡೆಯೋದು ಕಲಿಯುತ್ತಿದ್ದರು. ನಾಟಕದವರೂ ಆಗಲೇ ಒಳಗೆ ಸೇರಿಕೊಂಡಿದ್ದರಂತೆ! ಕೊನೆಗೆ ನಗರಪಾಲಿಕೆ ಅದನ್ನು ರಿಪೇರಿ ಮಾಡಿಸಿ, 2000ದಲ್ಲಿ ನಾಟಕ, ಸಂಗೀತ, ನೃತ್ಯಕ್ಕೆ ಬಿಟ್ಟುಕೊಟ್ಟಿತು.

ನನಗೆ ಜಾಸ್ತಿ ಹಿಡಿಸಿದ್ದು ಏನು ಗೊತ್ತಾ? ಆ ಗೋಡೆಗಳಿಗೆ ಸುಣ್ಣ ಬಳಿದಿಲ್ಲ. ಹುಡುಗರು ಬರೆದ ಬಣ್ಣ ಹಾಗೇ ಇದೆ. ಒಂದು ಕಡೆ ನೀಲಿ ಅಕ್ಷರದ ತುದಿಯಿಂದ ಬಣ್ಣ ಸೋರಿ, ಇಟ್ಟಿಗೆಯ ಸಂದಿನವರೆಗೂ ಇಳಿದು ಒಣಗಿದೆ. ಬೆರಳಿಟ್ಟು ಮುಟ್ಟಿದೆ, ಸ್ವಲ್ಪ ದಪ್ಪಗೆ ಸಿಗುತ್ತದೆ. ಕಟ್ಟಿದವರ ಕೈ ಗುರುತಿನ ಜೊತೆ, ಯಾರಿಗೂ ಬೇಡವಾಗಿದ್ದಾಗ ಅಲ್ಲಿ ಇದ್ದವರ ಗುರುತನ್ನೂ ಉಳಿಸಿದ್ದಾರಲ್ಲ, ಅದಕ್ಕೆ ದೊಡ್ಡ ಮನಸ್ಸು ಬೇಕು.

ಮತ್ತೆ ಆ ಎತ್ತರ! ದೊಡ್ಡ ಯಂತ್ರ ಕೂರಿಸೋಕೆ, ಎತ್ತಿ ಇಳಿಸೋಕೆ ಕಟ್ಟಿದ ಜಾಗ ನೋಡು. ಸೂರು ಎಲ್ಲೋ ಮೇಲಿರುತ್ತದೆ, ನೆಲ ಎಷ್ಟು ಭಾರವನ್ನಾದರೂ ತಡೆಯುತ್ತದೆ. ನಾಟಕಕ್ಕೂ ಅದೇ ತಾನೇ ಬೇಕಾಗಿರೋದು? ಲೈಟು ಕಟ್ಟೋಕೆ ಎತ್ತರ, ಕುಣಿಯೋಕೆ ಗಟ್ಟಿ ನೆಲ. ಟರ್ಬೈನ್ ಇದ್ದ ಕಡೆ ಈಗ ಜನ ಕೂತು ಹಾಡು ಕೇಳುತ್ತಾರೆ. ಟಿಕೆಟ್ ಇಲ್ಲದ ಕಾರ್ಯಕ್ರಮಗಳೂ ಇವೆ. ಮಕ್ಕಳು, ಅಜ್ಜಿಯಂದಿರು ಸುಮ್ನೆ ಬಂದು ಕೂರುತ್ತಾರೆ.

ಅಲ್ಲಿ ಕೂತಾಗ ನಮ್ಮ ರೈಸ್ ಮಿಲ್ ಗೋಡೌನ್ ನೆನಪಾಯ್ತು. ನಾಟಕಕ್ಕೆ ನಾಲ್ಕೇ ದಿನ ಇದ್ದಾಗ ಮಾಲೀಕರು ಬೀಗ ಹಾಕಿಸಿದರಲ್ಲ. ನಿನ್ನ ಹಾರ್ಮೋನಿಯಂ ಒಳಗೇ ಉಳಿದು, ನೀನು ಬೀದಿಯಲ್ಲಿ ನಿಂತು ಅತ್ತಿದ್ದೆ. ಆಮೇಲೆ ನಮ್ಮ ತಂಡ ಮತ್ತೆ ಒಟ್ಟಾಗಲೇ ಇಲ್ಲ. ಜಾಗ ಇಲ್ಲದೆ ಹೋಯ್ತೇ ಹೊರತು, ನಮಗೆ ಆಸೆ ಇರಲಿಲ್ಲ ಅಂತ ಅಲ್ಲ.

ಕೆರೆ ಏರಿ ಕೆಳಗಿನ ಹಳೇ ಪಂಪ್ ಹೌಸ್ ಇನ್ನೂ ಇದೆಯಾ, ಕೆಡವಿದರಾ? ಇದ್ದರೆ ಈ ಭಾನುವಾರ ಒಂದು ಸಲ ಹೋಗಿ ಬಾ. ಸೂರು ಎಷ್ಟು ಎತ್ತರ ಇದೆ, ಮಧ್ಯೆ ಕಂಬ ಇದೆಯಾ ನೋಡು. ಬಾಗಿಲು ತೆಗೆಯದಿದ್ದರೆ ಕಿಟಕಿಯಿಂದಲೇ ಫೋಟೋ ತೆಗೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ,
ರವಿ