ಮಗಳಿಗೊಂದು ಪತ್ರ: ಸೇನೆಯ ವಿದ್ಯಾರ್ಥಿವೇತನ ಮತ್ತು ಕಾಲೇಜಿನ ಆಯ್ಕೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಆರ್‌ಒಟಿಸಿ ವಿದ್ಯಾರ್ಥಿವೇತನಕ್ಕೆ, ಅಂದರೆ ಕಾಲೇಜಿನ ಓದಿನ ಜೊತೆಗೇ ತರಬೇತಿ ಕೊಟ್ಟು ಅಧಿಕಾರಿಗಳನ್ನು ಮಾಡುವ ಅಮೆರಿಕ ಸೇನೆಯ ಯೋಜನೆಯ ಹಣಕ್ಕೆ, ಅರ್ಜಿ ಹಾಕುತ್ತೇನೆಂದು ನೀನು ಹೇಳಿದ ದಿನದಿಂದ ಮನೆಯಲ್ಲಿ ಈ ಮಾತು ಮತ್ತೆ ಮತ್ತೆ ಬಂದಿದೆ. ಆದರೆ ಪ್ರತಿ ಸಲವೂ ಅಮ್ಮನ ಆತಂಕ, ನಿನ್ನ ಉತ್ಸಾಹ, ನನ್ನ ಲೆಕ್ಕಾಚಾರ ಒಂದಕ್ಕೊಂದು ಅಡ್ಡ ಬಂದು ಮಾತು ಅರ್ಧಕ್ಕೇ ನಿಂತಿದೆ. ಇನ್ನು ಕೆಲವೇ ದಿನಗಳಲ್ಲಿ ನೀನು ಹನ್ನೆರಡನೆಯ ತರಗತಿಗೆ ಕಾಲಿಡುವೆ, ಕಾಲೇಜುಗಳ ಅರ್ಜಿಯೂ ಸೇನೆಯ ಅರ್ಜಿಯೂ ಒಟ್ಟಿಗೇ ಮೈಮೇಲೆ ಬರುತ್ತವೆ. ಅದಕ್ಕೆ ಮುನ್ನ ನಾನು ಓದಿ, ವಿಚಾರಿಸಿ ತಿಳಿದದ್ದನ್ನು ಬರೆದು ಕೊಡುತ್ತಿದ್ದೇನೆ. ಬಿಡುವಾಗಿ ಓದು, ಒಪ್ಪದ ಕಡೆ ಗುರುತು ಹಾಕು, ಆಮೇಲೆ ಕೂತು ಮಾತಾಡೋಣ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಣದ ಮಾತನ್ನು ಪಕ್ಕಕ್ಕಿಟ್ಟರೂ ಅಧಿಕಾರಿಯಾಗಬೇಕೆಂಬ ಆಸೆ ನಿನ್ನಲ್ಲಿ ಉಳಿಯುತ್ತದೆಯೇ, ಸೇನೆಯ ಮಾತನ್ನು ಪಕ್ಕಕ್ಕಿಟ್ಟರೂ ಆ ಕಾಲೇಜಿನಲ್ಲೇ ಓದಬೇಕೆಂಬ ಆಸೆ ಉಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ನೀನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಎರಡಕ್ಕೂ ಹೌದೆಂಬ ಉತ್ತರ ಬಂದ ಕಾಲೇಜು ಮಾತ್ರ ನಿನ್ನ ಪಟ್ಟಿಯಲ್ಲಿ ಮೇಲಿರಲಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆಂಬ ಭರವಸೆಯ ಮೇಲೆ ಇಷ್ಟು ದೊಡ್ಡ ತೀರ್ಮಾನವನ್ನು ನಿಲ್ಲಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವ್ಯವಸ್ಥೆಯನ್ನು ನಾನು ಗೌರವದಿಂದಲೇ ನೋಡುತ್ತೇನೆ. 1916ರ ರಾಷ್ಟ್ರೀಯ ರಕ್ಷಣಾ ಕಾಯ್ದೆಯಿಂದ ಹುಟ್ಟಿದ ಆರ್‌ಒಟಿಸಿ ಸಾಮಾನ್ಯ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರಿಂದಲೇ ಅಧಿಕಾರಿಗಳನ್ನು ರೂಪಿಸುತ್ತದೆ. ಕಾಲಿನ್ ಪೊವೆಲ್ ಅವರು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಓದುತ್ತಲೇ ಇದರಲ್ಲಿ ತರಬೇತಿ ಪಡೆದು 1958ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡವರು. ವಲಸೆ ಬಂದ ತಂದೆತಾಯಿಯ ಮಗ ಜಂಟಿ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷನಾದದ್ದು ಇದೇ ಹಾದಿಯಿಂದ. ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆಯಲು ಅರ್ಧ ಶತಮಾನ ಹಿಡಿಯಿತು. ಯುದ್ಧಭೂಮಿಯ ಹುದ್ದೆಗಳೂ ಸೇರಿ ಎಲ್ಲ ಹುದ್ದೆಗಳೂ ಮಹಿಳೆಯರಿಗೆ ತೆರೆದಿರಬೇಕೆಂಬ ನಿರ್ಧಾರ ಬಂದದ್ದು 2015ರ ಕೊನೆಯಲ್ಲಿ.

ಹಾಗಿದ್ದರೂ ಇದಕ್ಕೆ ಸ್ಕಾಲರ್‌ಶಿಪ್ ಎಂಬ ಹೆಸರಿರುವುದರಿಂದ ಅನೇಕ ತಂದೆತಾಯಿಗಳು ಇದನ್ನು ಬಹುಮಾನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಇದು ನಾಲ್ಕು ವರ್ಷ ಮುಂಚೆಯೇ ಸಹಿ ಹಾಕುವ ನೌಕರಿಯ ಕರಾರು. ಒಟ್ಟು ಸೇವಾ ಬದ್ಧತೆ ಎಂಟು ವರ್ಷ. ಅದರಲ್ಲಿ ಪೂರ್ಣಾವಧಿಯ ಸೇವೆ ಭೂಸೇನೆಯಲ್ಲಿ ಮತ್ತು ವಾಯುಪಡೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ, ನೌಕಾಪಡೆಯಲ್ಲಿ ಐದು ವರ್ಷ. ಉಳಿದ ಅವಧಿಯನ್ನು ಮೀಸಲು ಪಡೆಯಲ್ಲಿ ಕಳೆಯಬಹುದು. ನೀನು ಆಗಾಗ ಹೇಳುವಂತೆ ವಾಯುಪಡೆಯ ಪೈಲಟ್ ಆಗುವುದಾದರೆ, ತರಬೇತಿ ಮುಗಿದ ದಿನದಿಂದ ಹತ್ತು ವರ್ಷ. ಇಪ್ಪತ್ತೆರಡಕ್ಕೆ ಪದವಿ, ಆಮೇಲೆ ತರಬೇತಿ, ಆಮೇಲೆ ಹತ್ತು ವರ್ಷ ಎಂದರೆ ಮೂವತ್ತನಾಲ್ಕರ ಆಸುಪಾಸು. ಇದು ನಿನ್ನನ್ನು ಹೆದರಿಸಲು ಹೇಳುತ್ತಿರುವ ಮಾತಲ್ಲ. ಆ ವರ್ಷಗಳು ಸಂಬಳದ, ಹೊಣೆಯ, ಅಪರೂಪದ ಅನುಭವದ ವರ್ಷಗಳು. ಆದರೆ ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಆಗ ಬಹುಮಟ್ಟಿಗೆ ಬೇರೆಯವರು ನಿರ್ಧರಿಸುತ್ತಾರೆ.

ನಿನಗೆ ಹಿಂದೆ ಸರಿಯಲು ಒಂದು ಅವಕಾಶ ಉಂಟು, ಅದನ್ನು ಸರಿಯಾಗಿ ತಿಳಿದುಕೊ. ನಾಲ್ಕು ವರ್ಷದ ವಿದ್ಯಾರ್ಥಿವೇತನ ಸಿಕ್ಕವರು ಮೊದಲ ವರ್ಷ ಮುಗಿಸಿ, ಎರಡನೆಯ ವರ್ಷ ಆರಂಭವಾಗುವ ಮುನ್ನ ಬಿಟ್ಟುಬಿಟ್ಟರೆ ಹಣ ಹಿಂದಿರುಗಿಸಬೇಕಿಲ್ಲ, ಸೇವೆಯ ಋಣವೂ ಇರುವುದಿಲ್ಲ. ಅದರ ನಂತರ ಬಿಟ್ಟರೆ ಪಡೆದ ಹಣವನ್ನು ಮರಳಿಸಬೇಕಾಗಬಹುದು, ಇಲ್ಲವೇ ಸಾಮಾನ್ಯ ಸೈನಿಕಳಾಗಿ ದುಡಿದು ತೀರಿಸಬೇಕಾಗಬಹುದು. ಇನ್ನೊಂದು ದಾರಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ: ಭೂಸೇನೆಯ ಆರ್‌ಒಟಿಸಿ ತರಗತಿಗಳಿಗೆ ಮೊದಲ ಎರಡು ವರ್ಷ ವಿದ್ಯಾರ್ಥಿವೇತನವಿಲ್ಲದೆ, ಯಾವ ಬದ್ಧತೆಯೂ ಇಲ್ಲದೆ ಸೇರಿ ನೋಡಬಹುದು. ಹಾಗೆ ಸೇರಿದವರಿಗೆ ಕಾಲೇಜಿನಲ್ಲಿರುವಾಗಲೇ ವಿದ್ಯಾರ್ಥಿವೇತನ ಸಿಗುವುದೂ ಉಂಟು. ಆದ್ದರಿಂದ ಈ ವರ್ಷ ಸಿಗದಿದ್ದರೆ ಎಲ್ಲವೂ ಮುಗಿಯಿತೆಂದು ನೀನು ಭಾವಿಸಬೇಕಿಲ್ಲ.

ಈಗ ಪ್ರವೇಶದ ವಿಷಯ. ಕಾಲೇಜಿನ ಪ್ರವೇಶ ಮತ್ತು ಸೇನೆಯ ಆಯ್ಕೆ ಒಂದನ್ನೊಂದು ಕಾಯದೆ ನಡೆಯುವ ಎರಡು ಪ್ರಕ್ರಿಯೆಗಳು. ವಿದ್ಯಾರ್ಥಿವೇತನ ಸಿಕ್ಕಿತೆಂದು ಕಾಲೇಜು ಪ್ರವೇಶ ಕೊಡುವುದಿಲ್ಲ, ಪ್ರವೇಶ ಸಿಕ್ಕಿತೆಂದು ಸೇನೆ ಹಣ ಕೊಡುವುದಿಲ್ಲ. ಅರ್ಜಿಯಲ್ಲಿ ನೀನು ಕಾಲೇಜುಗಳನ್ನು ಆದ್ಯತೆಯ ಪ್ರಕಾರ ಬರೆಯಬೇಕು. ನೌಕಾಪಡೆಯ ವಿದ್ಯಾರ್ಥಿವೇತನವಂತೂ ಆ ಪಟ್ಟಿಯ ಒಂದು ನಿರ್ದಿಷ್ಟ ಕಾಲೇಜಿಗೇ ಅಂಟಿಕೊಂಡು ಬರುತ್ತದೆ. ಬೇರೆ ಕಾಲೇಜಿಗೆ ಬದಲಿಸಿಕೊಡಿ ಎಂದು ಕೇಳಬಹುದು, ಸಿಗುತ್ತದೆಂಬ ಖಾತರಿ ಇಲ್ಲ. ಹೀಗಾಗಿ, ಪ್ರವೇಶ ಸಿಗುವುದು ತೀರ ಕಷ್ಟವಿರುವ ಹೆಸರಾಂತ ಕಾಲೇಜುಗಳನ್ನೇ ಪಟ್ಟಿಯ ತುಂಬ ಬರೆದರೆ, ಕೈಯಲ್ಲಿ ವಿದ್ಯಾರ್ಥಿವೇತನವಿದ್ದೂ ಅದನ್ನು ಬಳಸಲು ಕಾಲೇಜಿಲ್ಲದ ಸ್ಥಿತಿ ಬರಬಹುದು. ನಮ್ಮ ರಾಜ್ಯದ್ದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ, ನಿನಗೆ ಪ್ರವೇಶ ಬಹುತೇಕ ಖಚಿತವಾಗಿರುವಂಥದ್ದು, ಆ ಪಟ್ಟಿಯಲ್ಲಿ ಇರಲೇಬೇಕು.

ಪ್ರತಿ ಕಾಲೇಜಿನಲ್ಲೂ ಆರ್‌ಒಟಿಸಿ ಘಟಕ ಇರುವುದಿಲ್ಲ. ಘಟಕವಿಲ್ಲದ ಕಾಲೇಜಿನ ವಿದ್ಯಾರ್ಥಿಗಳು ಹತ್ತಿರದ ಕಾಲೇಜಿನ ಘಟಕಕ್ಕೆ ಹೋಗಿ ತರಬೇತಿ ಪಡೆಯುವ ಏರ್ಪಾಡು ಇದೆ. ಹಾರ್ವರ್ಡಿನ ಕೆಡೆಟ್‌ಗಳು ಹತ್ತಿರದ ಎಂಐಟಿಗೆ, ಅಂದರೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಹೋಗುವುದು ಹೀಗೆ. ಕಾಗದದ ಮೇಲೆ ಇದು ಸಣ್ಣ ವಿಷಯದಂತೆ ಕಾಣುತ್ತದೆ. ಬೆಳಗಿನ ಆರಕ್ಕೆಲ್ಲ ದೈಹಿಕ ತರಬೇತಿ ಇರುವಾಗ, ಚಳಿಗಾಲದ ಕತ್ತಲಲ್ಲಿ ಬಸ್ಸು ಹಿಡಿದು ಇನ್ನೊಂದು ಕ್ಯಾಂಪಸ್ಸಿಗೆ ಹೋಗಿ, ಒಂಬತ್ತರ ಗಣಿತದ ತರಗತಿಗೆ ಮರಳಿ ಬರುವುದು ನಾಲ್ಕು ವರ್ಷ ನಿಭಾಯಿಸಬೇಕಾದ ದಿನಚರಿ. ಎಂಜಿನಿಯರಿಂಗ್ ಓದುವ ನಿನಗೆ ನಿದ್ದೆಯ ಒಂದು ಗಂಟೆಯೂ ಬೆಲೆಯುಳ್ಳದ್ದು. ಕಾಲೇಜು ನೋಡಲು ಹೋದಾಗ ಆ ದೂರವನ್ನು ನಾವೇ ಒಮ್ಮೆ ಅದೇ ಹೊತ್ತಿನಲ್ಲಿ ಕ್ರಮಿಸಿ ನೋಡೋಣ.

ಅರ್ಲಿ ಡಿಸಿಷನ್ ಬಗ್ಗೆ ನನಗೆ ಸ್ಪಷ್ಟವಾದ ಹಿಂಜರಿಕೆಯಿದೆ. ನವೆಂಬರಿನಲ್ಲಿ ಅರ್ಜಿ, ಡಿಸೆಂಬರಿನಲ್ಲಿ ಉತ್ತರ, ಪ್ರವೇಶ ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕೆಂಬ ಬದ್ಧತೆ. ಸೇನೆಯ ಆಯ್ಕೆ ಮಂಡಳಿಗಳೋ ಶರತ್ಕಾಲದಿಂದ ಮರುವರ್ಷದ ವಸಂತದವರೆಗೆ ಹಲವು ಸುತ್ತುಗಳಲ್ಲಿ ಕೂಡುತ್ತವೆ. ಡಿಸೆಂಬರಿನಲ್ಲಿ ನೀನು ಒಂದು ಕಾಲೇಜಿಗೆ ಮಾತು ಕೊಟ್ಟು, ಫೆಬ್ರವರಿಯಲ್ಲಿ ವಿದ್ಯಾರ್ಥಿವೇತನ ಬೇರೊಂದು ಕಾಲೇಜಿಗೆ ಬಂದರೆ ಇಕ್ಕಟ್ಟು. ಆ ಕಾಲೇಜು ವಿದ್ಯಾರ್ಥಿವೇತನವಿಲ್ಲದೆಯೂ ನಮ್ಮ ಕೈಗೆಟುಕುವಂತಿದ್ದು, ಅಲ್ಲಿ ಘಟಕವೂ ಇದ್ದರೆ ಮಾತ್ರ ಆ ದಾರಿ ಹಿಡಿ. ಬದ್ಧತೆಯಿಲ್ಲದ ಅರ್ಲಿ ಆ್ಯಕ್ಷನ್ ಇರುವ ಕಡೆ ಅದನ್ನೇ ಆರಿಸು; ಮೇ 1ರವರೆಗೆ ನಿರ್ಧಾರ ನಿನ್ನ ಕೈಯಲ್ಲೇ ಇರುತ್ತದೆ. ಸೇನೆಯ ಅರ್ಜಿಯನ್ನಂತೂ ಮೊದಲ ಸುತ್ತಿಗೇ ಪೂರ್ಣಗೊಳಿಸು. ಓಟ, ಪುಷ್ಅಪ್, ಹೊಟ್ಟೆಯ ಕಸರತ್ತುಗಳ ಪರೀಕ್ಷೆಯೂ ಅಧಿಕಾರಿಯೊಂದಿಗಿನ ಸಂದರ್ಶನವೂ ಅದರ ಭಾಗವಾದ್ದರಿಂದ, ಕೊನೆಯ ವಾರ ಕೂತು ಮುಗಿಸುವ ಅರ್ಜಿ ಇದಲ್ಲ.

ಹಣದ ಲೆಕ್ಕವನ್ನು ಉದಾಹರಣೆ ಕೊಟ್ಟೇ ಹೇಳಬೇಕು, ಏಕೆಂದರೆ ಎಡವುವುದು ಇಲ್ಲೇ. ಒಂದು ಖಾಸಗಿ ಕಾಲೇಜಿನ ವಾರ್ಷಿಕ ವೆಚ್ಚ 85,000 ಡಾಲರ್ ಎಂದಿಟ್ಟುಕೊ: ಬೋಧನಾ ಶುಲ್ಕ 65,000, ವಸತಿ ಮತ್ತು ಊಟ 20,000. ನಮ್ಮ ಆದಾಯ ನೋಡಿ ಆ ಕಾಲೇಜು, ನೀವು 30,000 ಕೊಡಿ, ಉಳಿದ 55,000 ನಾವೇ ಅನುದಾನವಾಗಿ ಕೊಡುತ್ತೇವೆ ಎಂದಿತೆನ್ನೋಣ. ಈಗ ಸೇನೆ ಬೋಧನಾ ಶುಲ್ಕ ಪೂರ್ತಿ ಕಟ್ಟಿದರೆ, ನಿನಗೆ ಈಗ ಅಗತ್ಯವಿಲ್ಲವೆಂದು ಕಾಲೇಜು ತನ್ನ ಅನುದಾನವನ್ನು ಹಿಂದಕ್ಕೆ ಪಡೆಯುವ ಸಾಧ್ಯತೆಯೇ ಹೆಚ್ಚು. ನಮಗೆ ಉಳಿಯುವುದು ವಸತಿ ಊಟದ 20,000. ಅಂದರೆ 65,000 ಎಂದು ಕಾಣುವ ವಿದ್ಯಾರ್ಥಿವೇತನದಿಂದ ನಮಗೆ ನಿಜವಾಗಿ ಉಳಿಯುವುದು ವರ್ಷಕ್ಕೆ 10,000, ನಾಲ್ಕು ವರ್ಷಕ್ಕೆ 40,000. ಯಾವ ಋಣವೂ ಇಲ್ಲದ ಅನುದಾನವನ್ನು ಬಿಟ್ಟು, ಸೇವೆಯ ಋಣವಿರುವ ಹಣವನ್ನು ಅದರ ಜಾಗಕ್ಕೆ ತಂದಂತಾಯಿತು. ಅದೇ ಬೆಲೆಯ ಇನ್ನೊಂದು ಕಾಲೇಜು ನಮಗೆ ಏನೂ ನೆರವು ಕೊಡದಿದ್ದರೆ, ಅದೇ ವಿದ್ಯಾರ್ಥಿವೇತನದಿಂದ 2,60,000 ಡಾಲರ್ ಉಳಿಯುತ್ತದೆ. ಆದ್ದರಿಂದ ಪ್ರತಿ ಕಾಲೇಜಿಗೂ ಎರಡು ಲೆಕ್ಕ ಬೇಕು, ಸೇನೆಯ ಹಣ ಇದ್ದಾಗಿನದು ಮತ್ತು ಇಲ್ಲದಾಗಿನದು. ಓದಿಗೆ ಸರ್ಕಾರದ ಆರ್ಥಿಕ ನೆರವು ಕೇಳುವ ಎಫ್ಎಎಫ್ಎಸ್ಎ ಅರ್ಜಿಯನ್ನು ಹೇಗೂ ತುಂಬಿಸೋಣ. ಭೂಸೇನೆಯ ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕದ ಬದಲು ಒಂದು ಮಿತಿಯವರೆಗೆ ವಸತಿ ಊಟದ ವೆಚ್ಚವನ್ನು ಆರಿಸಿಕೊಳ್ಳಬಹುದು. ಕಾಲೇಜಿನ ಮೆರಿಟ್ ಹಣವೇ ಶುಲ್ಕವನ್ನು ತುಂಬಿದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿವೇತನ ತರುವ ಕೆಡೆಟ್‌ಗಳಿಗೆ ಹಾಸ್ಟೆಲ್ ವೆಚ್ಚವನ್ನು ತಾವೇ ಮನ್ನಾ ಮಾಡುವ ಕಾಲೇಜುಗಳೂ ಇವೆ. ಕೇಳಿದರೆ ಮಾತ್ರ ತಿಳಿಯುತ್ತದೆ, ಸಂಕೋಚವಿಲ್ಲದೆ ಕೇಳು.

ಇನ್ನು ವೈದ್ಯಕೀಯ ಪರೀಕ್ಷೆ. ಆಯ್ಕೆಯ ಪತ್ರ ಬಂದ ಮೇಲೂ, ರಕ್ಷಣಾ ಇಲಾಖೆಯ ವೈದ್ಯಕೀಯ ಪರಿಶೀಲನಾ ಮಂಡಳಿ, ಎಲ್ಲರೂ ಡಾಡ್ಮರ್ಬ್ ಎಂದು ಕರೆಯುವುದು, ನಿನ್ನನ್ನು ಅರ್ಹಳೆಂದು ಹೇಳುವವರೆಗೆ ಅದು ಷರತ್ತಿನ ಪತ್ರವೇ. ಹದಿಮೂರನೆಯ ಹುಟ್ಟುಹಬ್ಬದ ನಂತರ ಅಸ್ತಮಾ ಇದ್ದ ದಾಖಲೆಯಿದ್ದರೆ ಅನರ್ಹತೆ ಎಂಬುದು ಅವರ ನಿಯಮ. ನಿನಗೆ ಹನ್ನೊಂದರಲ್ಲಿ ಉಬ್ಬಸ ಬಂದು ಇನ್ಹೇಲರ್ ಕೊಟ್ಟಿದ್ದರು, ಅದರಿಂದ ತೊಂದರೆಯಿಲ್ಲ. ಆದರೆ ಹದಿನಾಲ್ಕರಲ್ಲಿ ನೀನು ಓಟದ ತಂಡಕ್ಕೆ ಸೇರಿದಾಗ, ಜೊತೆಯಲ್ಲಿರಲಿ ಎಂದು ವೈದ್ಯರು ಅದೇ ಇನ್ಹೇಲರನ್ನು ಮತ್ತೊಮ್ಮೆ ಬರೆದುಕೊಟ್ಟರು. ಅದರ ಮುಚ್ಚಳವನ್ನು ನೀನು ತೆರೆಯಲೂ ಇಲ್ಲ, ನನ್ನ ಕಪಾಟಿನಲ್ಲಿ ಔಷಧದಂಗಡಿಯ ಚೀಟಿಯ ಸಮೇತ ಅದು ಹಾಗೆಯೇ ಇದೆ. ಆದರೂ ದಾಖಲೆಯಲ್ಲಿ ಆ ದಿನಾಂಕ ಇದೆ. ಹಾಗಾಗಿ ಈಗಲೇ ಪೂರ್ಣ ಕಡತವನ್ನು ತರಿಸಿ, ಶ್ವಾಸಕೋಶದ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳೋಣ. ಅನರ್ಹವೆಂದರೂ ವಿನಾಯಿತಿ ಕೇಳಲು ಅವಕಾಶವಿದೆ, ಅದನ್ನು ಕೊಡುವುದು ಆಯಾ ಪಡೆಯೇ ಹೊರತು ಆ ಮಂಡಳಿಯಲ್ಲ. ಪ್ರಶ್ನಾವಳಿಯಲ್ಲಿ ಏನನ್ನೂ ಮುಚ್ಚಿಡಬೇಡ. ಯಾರಾದರೂ, ಅದನ್ನು ಬರೆಯಬೇಡ, ಯಾರಿಗೂ ತಿಳಿಯುವುದಿಲ್ಲ ಎಂದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಅಧಿಕಾರಿಯಾಗುವವಳು ಸುಳ್ಳಿನ ಸಹಿಯಿಂದ ಆರಂಭಿಸಬಾರದು. ಅರ್ಹಳೋ ಅಲ್ಲವೋ ಎಂಬ ಉತ್ತರ ಬರುವುದು ತಡವಾಗಬಹುದು. ನಾನು ಮೊದಲು ಕೇಳಿದ ಎರಡು ಪ್ರಶ್ನೆಗಳ ತೂಕ ನಿನಗೆ ಗೊತ್ತಾಗುವುದು ಆಗಲೇ.

ನಮ್ಮಂಥ ಮನೆಗಳಿಗೆ ಮಾತ್ರ ಬರುವ ಒಂದು ವಿಷಯವೂ ಇದೆ. ಅಧಿಕಾರಿಯಾಗುವವರು ಭದ್ರತಾ ತಪಾಸಣೆಯನ್ನು ದಾಟಬೇಕು, ಅದರ ಅರ್ಜಿಯಲ್ಲಿ ವಿದೇಶದಲ್ಲಿರುವ ಬಂಧುಗಳ ವಿವರ ಕೇಳುತ್ತಾರೆ. ಅಜ್ಜಿ, ಸೋದರಮಾವ, ಚಿಕ್ಕಪ್ಪಂದಿರು ಭಾರತದಲ್ಲಿರುವುದು ತಪ್ಪಲ್ಲ, ವಿವರ ಸರಿಯಾಗಿರಬೇಕು ಅಷ್ಟೆ. ಆದರೆ ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರಿಗೂ ನಿವೃತ್ತರಿಗೂ ಓಸಿಐ ಕಾರ್ಡಿಗೆ, ಅಂದರೆ ವಿದೇಶಿ ಪೌರರಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರಲು ಕೊಡುವ ಕಾರ್ಡಿಗೆ, ಅರ್ಹತೆಯಿಲ್ಲ ಎಂಬುದು ಭಾರತ ಸರ್ಕಾರದ ನಿಯಮ. ನಿನ್ನ ಕಾರ್ಡನ್ನು ಒಂದು ದಿನ ಬಿಟ್ಟುಕೊಡಬೇಕಾಗುತ್ತದೆ, ಅಜ್ಜಿಯನ್ನು ನೋಡಲು ವೀಸಾ ಪಡೆದು ಹೋಗಬೇಕಾಗುತ್ತದೆ. ಅಮ್ಮನಿಗೆ ಇದು ನಿನ್ನ ಸೇವಾವಧಿಗಿಂತ ಹೆಚ್ಚು ನೋವು ಕೊಟ್ಟಿದೆ. ಅವಳೊಂದಿಗೆ ನೀನೇ ಕೂತು ಇದನ್ನು ಮಾತಾಡು, ನನ್ನ ಮೂಲಕ ಹೇಳಿಕಳಿಸಬೇಡ.

ಮುಂದಿನ ವಾರ ಎರಡು ಘಟಕಗಳಿಗೆ ನೀನೇ ಫೋನ್ ಮಾಡು. ಎಂಜಿನಿಯರಿಂಗ್ ಓದುವ ಕೆಡೆಟ್‌ಗಳಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿಯುತ್ತಾರೆ, ತರಬೇತಿಗೂ ಪ್ರಯೋಗಾಲಯಕ್ಕೂ ಒಂದೇ ಸಮಯ ಬಿದ್ದರೆ ಏನು ಮಾಡುತ್ತಾರೆ, ಹುಡುಗಿಯರು ಎಷ್ಟು ಮಂದಿ ಇದ್ದಾರೆ ಎಂದು ಕೇಳು. ಸಾಧ್ಯವಾದರೆ ಅವರಲ್ಲೊಬ್ಬಳೊಂದಿಗೆ ನೇರವಾಗಿ ಮಾತಾಡು. ಕರಾರಿಗೆ ಸಹಿ ಹಾಕುವಾಗ ನಿನಗೆ ಹದಿನೆಂಟು ತುಂಬಿರದಿದ್ದರೆ ನಮ್ಮ ಸಹಿಯೂ ಬೇಕಾಗುತ್ತದೆ. ನೀನು ಎಲ್ಲವನ್ನೂ ತಿಳಿದು, ಅಳೆದು ತೂಗಿ, ಇದು ನನಗೆ ಬೇಕೆಂದು ಹೇಳಿದರೆ ಅಮ್ಮನೂ ನಾನೂ ಆ ಸಹಿಯನ್ನು ಮನಃಪೂರ್ವಕವಾಗಿ ಹಾಕುತ್ತೇವೆ. ಬೇಡವೆಂದರೆ ನಿನ್ನ ಓದಿನ ಖರ್ಚಿಗೆ ಬೇರೆ ದಾರಿ ಹುಡುಕುವ ಹೊಣೆ ನಮ್ಮದು. ಅದರ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ನೀನು ಸೇನೆಗೆ ಹೋಗಬಾರದು.

ಇಂತಿ,
ನಿನ್ನ ಅಪ್ಪ