ಆನೆಮರಿಗಳನ್ನು ಸಾಕಿ ಕಾಡಿಗೆ ಕಳುಹಿಸಿದ ಡ್ಯಾಫ್ನಿ ಶೆಲ್ಡ್ರಿಕ್: ಸ್ಮರಣೆ ಕಾರ್ಯಕ್ರಮದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಾದರ ನಮಸ್ಕಾರಗಳು.

ಆಗಸ್ಟ್ 12ರಂದು ವಿಶ್ವ ಆನೆ ದಿನದ ಅಂಗವಾಗಿ ನಮ್ಮ ಶಾಲೆಯಲ್ಲಿ ಕೀನ್ಯಾ ದೇಶದ ವನ್ಯಜೀವಿ ಸಂರಕ್ಷಕಿ ಡ್ಯಾಫ್ನಿ ಶೆಲ್ಡ್ರಿಕ್ ಅವರನ್ನು ಸ್ಮರಿಸುವ ಕಾರ್ಯಕ್ರಮವನ್ನು ಏರ್ಪಡಿಸಿದ್ದೇವೆ. ಸಕಲೇಶಪುರ ಸೀಮೆಯ ಶಾಲೆಯೊಂದರಲ್ಲಿ ಆನೆಯ ವಿಷಯ ಎತ್ತುವುದು ಸುಲಭವಲ್ಲ ಎಂಬುದು ನಮಗೆ ತಿಳಿದಿದೆ. ಕೊಯ್ಲಿಗೆ ಬಂದ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವರು, ತೋಟದ ಬಾಳೆ ಮತ್ತು ಬೈನೆ ಮರಗಳು ಮುರಿದು ಬಿದ್ದಿದ್ದನ್ನು ನೋಡಿದವರು, ಬೆಳಗಿನ ಜಾವ ತೋಟದ ಕೆಲಸಕ್ಕೆ ಹೊರಟವರು ಮನೆಗೆ ಮರಳುವವರೆಗೂ ಜೀವ ಕೈಯಲ್ಲಿ ಹಿಡಿದು ಕಾಯುವವರು ತಮ್ಮಲ್ಲಿ ಅನೇಕರಿದ್ದೀರಿ. ಇಂಥ ಮನೆಗಳ ಮಕ್ಕಳಿಗೆ, ಆನೆಗಳಿಗಾಗಿ ಬದುಕು ಸವೆಸಿದ ಹೆಣ್ಣುಮಗಳೊಬ್ಬಳ ಕಥೆಯನ್ನು ಏಕೆ ಹೇಳಬೇಕು ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮುಂಚಿತವಾಗಿಯೇ ಉತ್ತರ ಕೊಡುವುದು ಮುಖ್ಯೋಪಾಧ್ಯಾಯರ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಡ್ಯಾಫ್ನಿ 1934ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೀನ್ಯಾದಲ್ಲಿ, ಅಲ್ಲಿ ನೆಲೆಸಿ ಬೇಸಾಯ ಮಾಡುತ್ತಿದ್ದ ಬ್ರಿಟಿಷ್ ಮೂಲದ ಕುಟುಂಬವೊಂದರಲ್ಲಿ ಹುಟ್ಟಿದರು. ಓದಿನಲ್ಲಿ ಮುಂದಿದ್ದರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಪಶುವೈದ್ಯ ವಿಜ್ಞಾನದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. 1960ರಲ್ಲಿ ಅವರು ಡೇವಿಡ್ ಶೆಲ್ಡ್ರಿಕ್ ಅವರನ್ನು ಮದುವೆಯಾದರು. ಡೇವಿಡ್ ಅವರು 1948ರಲ್ಲಿ ಘೋಷಣೆಯಾದ ತ್ಸಾವೊ ರಾಷ್ಟ್ರೀಯ ಉದ್ಯಾನದ ಪೂರ್ವ ಭಾಗದ ಮೊದಲ ವಾರ್ಡನ್. ತ್ಸಾವೊದ ಎರಡೂ ಭಾಗಗಳನ್ನು ಸೇರಿಸಿದರೆ 20,000 ಚದರ ಕಿಲೋಮೀಟರಿಗೂ ಮಿಕ್ಕ ಕಾಡು, ಅಂದರೆ ನಮ್ಮ ಮೈಸೂರು ಜಿಲ್ಲೆಯ ಮೂರು ಪಟ್ಟಿಗೂ ಹೆಚ್ಚು. ನಮ್ಮ ಮಲೆನಾಡಿನ ಹಸಿರು ಅಲ್ಲಿಲ್ಲ. ಕೆಂಪು ಮಣ್ಣು, ಮುಳ್ಳು ಪೊದೆ, ಮಳೆ ತಪ್ಪಿದ ವರ್ಷ ಬತ್ತಿಹೋಗುವ ಹೊಳೆಗಳು. ಅಲ್ಲಿನ ಆನೆಗಳು ಆ ಮಣ್ಣನ್ನೇ ಮೈಗೆ ಎರಚಿಕೊಂಡು ಕೆಂಪಾಗಿಯೇ ಕಾಣುತ್ತವೆ. 1970ರ ಆಸುಪಾಸಿನ ಬರದಲ್ಲಿ ಅಲ್ಲಿ ಸಾವಿರಾರು ಆನೆಗಳು ಸತ್ತವು. ಅದರ ಬೆನ್ನಿಗೇ ದಂತಕ್ಕಾಗಿ ಬೇಟೆ ಹೆಚ್ಚಿತು. ಹತ್ತಾರು ಸಾವಿರ ಆನೆಗಳಿದ್ದ ತ್ಸಾವೊ ಸೀಮೆಯಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಉಳಿದವು ಸುಮಾರು 6,000 ಮಾತ್ರ.

ದಂತದ ಬೇಟೆಯಲ್ಲಿ ಸಾಯುವುದು ದಂತವಿರುವ ಆನೆಯೊಂದೇ ಅಲ್ಲ. ಏಷ್ಯಾದ ಆನೆಗಳಲ್ಲಿ ಗಂಡಿಗೆ ಮಾತ್ರ ಉದ್ದನೆಯ ಕೊಂಬು ಬಂದರೆ ಆಫ್ರಿಕಾದಲ್ಲಿ ಹೆಣ್ಣಿಗೂ ಇರುತ್ತದೆ. ಹಾಗಾಗಿ ಬೇಟೆಗಾರರು ಗುಂಪಿನ ಹಿರಿಯ ಹೆಣ್ಣಾನೆಗಳನ್ನೂ ಕೊಂದರು. ಇಪ್ಪತ್ತೆರಡು ತಿಂಗಳು ಹೊತ್ತು ಹೆತ್ತ ಮರಿ ಮೊದಲ ಎರಡು ವರ್ಷ ಸಂಪೂರ್ಣವಾಗಿ ತಾಯಿಯ ಹಾಲನ್ನೇ ನೆಚ್ಚಿಕೊಂಡಿರುತ್ತದೆ. ಆ ವಯಸ್ಸಿನೊಳಗೆ ತಾಯಿ ಸತ್ತರೆ ಮರಿಯೂ ಉಳಿಯುವುದಿಲ್ಲ. ತಾಯಿಯ ಹೆಣದ ಬಳಿ ನಿಂತೇ ಸೊರಗಿದ ಇಂಥ ಮರಿಗಳನ್ನು ವಾರ್ಡನ್‌ನ ಸಿಬ್ಬಂದಿ ಶೆಲ್ಡ್ರಿಕ್ ಅವರ ಮನೆಯಂಗಳಕ್ಕೆ ತರುತ್ತಿದ್ದರು. ಡ್ಯಾಫ್ನಿಯವರ ಕೆಲಸ ಶುರುವಾದದ್ದು ಹೀಗೆ.

ಅವರು ಸೋತ ವರ್ಷಗಳ ಬಗ್ಗೆ ನಾನು ಮಕ್ಕಳಿಗೆ ಹೆಚ್ಚು ಹೇಳಬೇಕೆಂದಿದ್ದೇನೆ. ಸ್ವಲ್ಪ ದೊಡ್ಡ ಮರಿಗಳು ಬದುಕಿಕೊಂಡವು. ಹಾಲು ಕುಡಿಯುವ ಎಳೆಯ ಮರಿಗಳು ಮಾತ್ರ ಒಂದಾದ ಮೇಲೊಂದು ಸತ್ತವು. ಹಸುವಿನ ಹಾಲಿನ ಕೊಬ್ಬು ಆನೆಮರಿಯ ಹೊಟ್ಟೆಗೆ ಅರಗುವುದಿಲ್ಲ. ಭೇದಿ ಹಿಡಿದು ಮರಿ ದಿನದಿಂದ ದಿನಕ್ಕೆ ಕುಸಿಯುತ್ತದೆ. ಡ್ಯಾಫ್ನಿ ಒಂದು ಮಿಶ್ರಣ ಮಾಡಿ ನೋಡಿದರು, ಅದು ಸೋತಿತು. ಇನ್ನೊಂದನ್ನು ಮಾಡಿದರು, ಅದೂ ಸೋತಿತು. ಸುಮಾರು 28 ವರ್ಷಗಳ ಕಾಲ ನಡೆದ ಈ ಪ್ರಯತ್ನದಲ್ಲಿ ಅವರಿಗೆ ದಾರಿ ತೋರಿಸಿದ್ದು, ನಾವು ತಲೆಗೆ ಹಚ್ಚುವ, ಕರಾವಳಿಯವರು ಒಗ್ಗರಣೆಗೆ ಹಾಕುವ ಕೊಬ್ಬರಿ ಎಣ್ಣೆ. ಮನುಷ್ಯರ ಶಿಶುಗಳಿಗೆಂದು ತಯಾರಾದ ಹಾಲಿನ ಪುಡಿಗಳಲ್ಲಿ ಕೊಬ್ಬರಿ ಎಣ್ಣೆಯ ಅಂಶವಿದ್ದದ್ದು ಆನೆಯ ಹಾಲಿನ ಕೊಬ್ಬಿಗೆ ಎಲ್ಲಕ್ಕಿಂತ ಹತ್ತಿರ ಎಂದು ಅವರು ಕಂಡುಕೊಂಡರು. ಪ್ರಯೋಗಶಾಲೆಯಿಲ್ಲದ ಕಾಡಿನ ಮನೆಯಲ್ಲಿ, ಯಾವುದು ಒಗ್ಗಿತು ಯಾವುದು ಒಗ್ಗಲಿಲ್ಲ ಎಂದು ಎಚ್ಚರದಿಂದ ನೋಡುತ್ತಲೇ ಇದ್ದ ಒಬ್ಬ ಗೃಹಿಣಿ, ಅಲ್ಲಿಯವರೆಗೆ ಯಾರಿಂದಲೂ ಆಗದಿದ್ದ ಕೆಲಸವನ್ನು ಮಾಡಿದರು. ವಿಜ್ಞಾನ ಪಾಠವನ್ನು ಪರೀಕ್ಷೆಗೆಂದು ಉರುಹೊಡೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋಚುತ್ತಿಲ್ಲ.

ಹಾಲು ಸಿಕ್ಕ ಮೇಲೂ ಮರಿ ಸಾಯಬಹುದು ಎಂದು ಅವರಿಗೆ ತಿಳಿದದ್ದು ಆಯಿಶಾ ಎಂಬ ಹೆಣ್ಣುಮರಿಯಿಂದ. ಕೊಬ್ಬರಿ ಎಣ್ಣೆಯ ಹಾಲಿನಿಂದ ಚೆನ್ನಾಗಿಯೇ ಬೆಳೆಯುತ್ತಿದ್ದ ಆಯಿಶಾಗೆ ಡ್ಯಾಫ್ನಿ ಒಬ್ಬರೇ ಸರ್ವಸ್ವವಾಗಿದ್ದರು. ಮಗಳ ಮದುವೆಗೆಂದು ಅವರು ಕೆಲವು ದಿನ ಊರಿಗೆ ಹೋಗಬೇಕಾಯಿತು. ಬೇರೆಯವರು ಹಾಲು ಕೊಟ್ಟರೆ ಮರಿ ಕುಡಿಯಲಿಲ್ಲ. ತಾಯಿಯನ್ನು ಎರಡನೆಯ ಬಾರಿ ಕಳೆದುಕೊಂಡೆನೆಂದು ಭಾವಿಸಿದ ಆ ಮರಿ ಸೊರಗಿ ಸತ್ತುಹೋಯಿತು. ಆ ಸಾವಿನ ದುಃಖ ಡ್ಯಾಫ್ನಿಯವರನ್ನು ಕಡೆಯವರೆಗೂ ಬಿಡಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲದೆ ಸಾಕುವ ಕ್ರಮವನ್ನೇ ಬದಲಿಸಿದರು. ಕಾಡಿನಲ್ಲಿ ಮರಿಯನ್ನು ನೋಡಿಕೊಳ್ಳುವುದು ತಾಯಿಯೊಬ್ಬಳೇ ಅಲ್ಲ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕಂದಿರೆಲ್ಲ ಸುತ್ತ ನಿಂತು ಸಾಕುತ್ತಾರೆ. ಹಾಗೆಯೇ ಇಲ್ಲಿಯೂ ಒಂದು ಮರಿ ಒಬ್ಬರಿಗೇ ಅಂಟಿಕೊಳ್ಳಬಾರದು, ಪಾಲಕರೆಲ್ಲರೂ ಸೇರಿ ಒಂದು ಕುಟುಂಬವಾಗಬೇಕು ಎಂದು ನಿಯಮ ಮಾಡಿದರು.

1977ರಲ್ಲಿ ಡೇವಿಡ್ ಹಠಾತ್ತನೆ ತೀರಿಕೊಂಡರು. ಅವರ ಹೆಸರಿನಲ್ಲಿ ಟ್ರಸ್ಟ್ ಸ್ಥಾಪಿಸಿದ ಡ್ಯಾಫ್ನಿ ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಅನಾಥ ಮರಿಗಳ ಪಾಲನಾ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಅಲ್ಲಿ ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಮರಿಗಳಿಗೆ ಬಾಟಲಿಯಲ್ಲಿ ಹಾಲು ಕೊಡಬೇಕು. ತಾಯಿಯ ಹೊಟ್ಟೆಗೆ ಸೊಂಡಿಲು ತಾಗಿಸಿಕೊಂಡು ಕುಡಿಯುವುದು ಮರಿಯ ಅಭ್ಯಾಸವಾದ್ದರಿಂದ ಕಂಬಳಿಯನ್ನು ಇಳಿಬಿಟ್ಟು ಅದರ ಹಿಂದೆ ಬಾಟಲಿ ಹಿಡಿಯುವುದುಂಟು. ತಾಯಿಯ ನೆರಳಿಲ್ಲದ ಎಳೆಯ ಮರಿಯ ಕಿವಿ ಬಿಸಿಲಿಗೆ ಸುಡುವುದರಿಂದ ಅದಕ್ಕೆ ಮುಲಾಮು ಹಚ್ಚಬೇಕು, ಚಳಿಗೆ ಕಂಬಳಿ ಹೊದಿಸಬೇಕು, ರಾತ್ರಿ ಪಾಲಕನೊಬ್ಬ ಮರಿಯ ಕೊಟ್ಟಿಗೆಯಲ್ಲೇ ಮಲಗಬೇಕು. ಈ ರಾತ್ರಿಗಳನ್ನು ಕಳೆದವರು ಹಸಿರು ಕೋಟು ತೊಟ್ಟ ಕೀನ್ಯಾದ ಪಾಲಕರು. ಡ್ಯಾಫ್ನಿಯವರ ಹೆಸರು ಜಗತ್ತಿಗೆಲ್ಲ ಗೊತ್ತು; ಅವರ ಪದ್ಧತಿಯನ್ನು ದಿನದಿನ ನಡೆಸಿಕೊಂಡು ಬಂದವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ದುಬಾರೆ, ಸಕ್ರೆಬೈಲು ಶಿಬಿರಗಳ ಮಾವುತರು ಮತ್ತು ಕಾವಾಡಿಗಳ ವಿಷಯದಲ್ಲಿಯೂ ಇದೇ ಕಥೆ. ಕಾರ್ಯಕ್ರಮದಲ್ಲಿ ಇದನ್ನು ಬಿಟ್ಟುಬಿಡಬಾರದೆಂದು ಶಿಕ್ಷಕರಿಗೆ ಹೇಳಿದ್ದೇನೆ.

ಮಾವುತರ ಮಾತು ಬಂದದ್ದರಿಂದ ಒಂದು ವ್ಯತ್ಯಾಸವನ್ನೂ ಹೇಳಬೇಕು. ನಮ್ಮಲ್ಲಿ ಶತಮಾನಗಳಿಂದ ಆನೆಯನ್ನು ಪಳಗಿಸಿ ಕೆಲಸಕ್ಕೆ, ಮೆರವಣಿಗೆಗೆ ಬಳಸುವ ಪರಂಪರೆಯಿದೆ. ಡ್ಯಾಫ್ನಿಯವರ ಗುರಿಯೇ ಬೇರೆ. ಮರಿಗೆ ಸುಮಾರು ಮೂರು ವರ್ಷ ತುಂಬಿದ ಮೇಲೆ ಅದನ್ನು ನೈರೋಬಿಯಿಂದ ತ್ಸಾವೊಗೆ ಕರೆದೊಯ್ದು, ವೊಯಿ ಅಥವಾ ಇಥುಂಬಾ ಎಂಬಲ್ಲಿ, ಹಿಂದೆ ಬಂದ ಅನಾಥ ಆನೆಗಳ ಜೊತೆ ಬಿಡುತ್ತಾರೆ. ಅಲ್ಲಿಂದ ಅದು ಕಾಡಾನೆಗಳ ಪರಿಚಯ ಮಾಡಿಕೊಳ್ಳುತ್ತಾ ಒಂದು ದಿನ ಪಾಲಕರ ಕೊಟ್ಟಿಗೆಗೆ ಮರಳುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ವರ್ಷಗಳು ಹಿಡಿಯಬಹುದು. ಯಾವಾಗ ಹೋಗಬೇಕೆಂಬುದು ಆನೆಗೇ ಬಿಟ್ಟದ್ದು. ಹೀಗೆ ಹೋದ ಹೆಣ್ಣಾನೆಗಳು ಕಾಡಿನಲ್ಲಿ ಮರಿ ಹಾಕಿ, ಆ ಮರಿಗಳನ್ನು ಕರೆದುಕೊಂಡು ಪಾಲಕರಿದ್ದಲ್ಲಿಗೆ ಬಂದುಹೋದದ್ದುಂಟು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳುಹಿಸಿದ ತವರಿನವರಿಗೆ ಆ ಪಾಲಕರ ಮನಸ್ಸು ಅರ್ಥವಾದೀತು.

ಈಗ ಡ್ಯಾಫ್ನಿಯವರ ಬದುಕಿನ ಇನ್ನೊಂದು ಘಟನೆ. ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾಗಿ ಇದು ತಿಳಿಯಬೇಕು. ಅವರು ಸಾಕಿದ ಎಲಿನೋರ್ ಎಂಬ ಹೆಣ್ಣಾನೆ ತ್ಸಾವೊದಲ್ಲಿ ಹಲವು ಅನಾಥ ಮರಿಗಳಿಗೆ ತಾಯಿಯಾಗಿ, ಕೊನೆಗೆ ಕಾಡಾನೆಗಳನ್ನು ಸೇರಿಕೊಂಡಿತ್ತು. ಒಮ್ಮೆ ಡ್ಯಾಫ್ನಿ ದೂರದಲ್ಲಿ ಕಂಡ ಆನೆಯನ್ನು ಎಲಿನೋರ್ ಎಂದೇ ತಿಳಿದು ಹೆಸರು ಹಿಡಿದು ಕರೆದರು. ಆನೆ ಶಾಂತವಾಗಿ ಹತ್ತಿರ ಬಂದಿತು. ಅವರು ಕೈಯೆತ್ತಿ ಅದರ ಮೈ ಮುಟ್ಟಿದರು. ಮರುಕ್ಷಣವೇ ಅದು ಅವರನ್ನು ಎತ್ತಿ ಬಂಡೆಗಳ ಮೇಲೆ ಎಸೆಯಿತು. ಕಾಲಿನ ಮೂಳೆ ಚೂರಾಯಿತು. ಅದು ಎಲಿನೋರ್ ಆಗಿರಲಿಲ್ಲ, ಮನುಷ್ಯರ ಒಡನಾಟವೇ ಇಲ್ಲದ ಕಾಡಾನೆ. ಬಿದ್ದವರನ್ನು ಆಮೇಲೆ ಅದೇ ಆನೆ ಮೂಸಿ, ದಂತವನ್ನು ಮೆಲ್ಲಗೆ ಅವರ ಮೈಕೆಳಗೆ ತೂರಿಸಿ ಎಬ್ಬಿಸಿ ನಿಲ್ಲಿಸಲು ನೋಡಿತು, ಕೊಲ್ಲದೆ ಹೋಯಿತು ಎಂದು ಡ್ಯಾಫ್ನಿ ಹೇಳಿಕೊಂಡಿದ್ದಾರೆ. ಆ ಭಾಗ ಮನಸ್ಸಿಗೆ ಹಿತವಾಗುವಂಥದ್ದು, ಮಕ್ಕಳು ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ ಎಂಬ ಭಯ ನನಗಿದೆ. ದಶಕಗಳ ಕಾಲ ಆನೆಗಳ ನಡುವೆಯೇ ಬದುಕಿದವರಿಗೂ ಎದುರಿಗಿದ್ದ ಆನೆಯ ಗುರುತು ತಪ್ಪಿತು ಎಂಬ ಭಾಗ ಅವರ ತಲೆಯಲ್ಲಿ ಉಳಿಯಬೇಕು. ತೋಟದ ಬೇಲಿಯಾಚೆ ನಿಂತ ಸಲಗದ ಜೊತೆ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಲು ಹೋಗುವ ನಮ್ಮ ಹುಡುಗರಿಗೆ ನಾನು ಇದನ್ನು ಒತ್ತಿ ಹೇಳುವವನಿದ್ದೇನೆ. ತಾವೂ ಮನೆಯಲ್ಲಿ ಹೇಳಬೇಕೆಂದು ವಿನಂತಿ.

ಗೌರವಗಳ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪದವಿಯಿಲ್ಲದ ಡ್ಯಾಫ್ನಿಯವರಿಗೆ 2000ದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಪಶುವೈದ್ಯಕೀಯದಲ್ಲಿ ಗೌರವ ಡಾಕ್ಟರೇಟ್ ನೀಡಿತು; 2006ರಲ್ಲಿ ಬ್ರಿಟನ್ನಿನ ರಾಣಿ ‘ಡೇಮ್’ ಬಿರುದು ಕೊಟ್ಟರು. 2018ರ ಏಪ್ರಿಲ್ 12ರಂದು, 83ನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ಅವರು ತೀರಿಕೊಂಡಾಗ ಅವರ ಸಂಸ್ಥೆಯಲ್ಲಿ ಬೆಳೆದಿದ್ದ ಅನಾಥ ಆನೆಗಳ ಸಂಖ್ಯೆ 230 ದಾಟಿತ್ತು. ಈಗ ಮಗಳು ಆಂಜೆಲಾ ಆ ಕೆಲಸವನ್ನು ನಡೆಸುತ್ತಿದ್ದಾರೆ.

ಒಂದೊಂದು ಮರಿಗೆ ಇಷ್ಟು ಹಣ, ಇಷ್ಟು ಜನರನ್ನು ವೆಚ್ಚ ಮಾಡುವ ಬದಲು ಕಾಡನ್ನೇ ಉಳಿಸಬಾರದೇ ಎಂಬ ಆಕ್ಷೇಪವೂ ಇದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಟ್ರಸ್ಟ್ ಬೇಟೆ ತಡೆಯುವ ತಂಡಗಳನ್ನೂ ಸಂಚಾರಿ ಪಶುವೈದ್ಯ ಘಟಕಗಳನ್ನೂ ನಡೆಸುತ್ತದೆ, ಉದ್ಯಾನದ ಅಂಚಿನ ಹಳ್ಳಿಗಳ ಬೆಳೆ ಕಾಯಲು ವಿದ್ಯುತ್ ಬೇಲಿಗಳನ್ನೂ ನಿರ್ವಹಿಸುತ್ತದೆ ಎಂಬುದು ಒಂದು ಉತ್ತರ. ಅದು ಸಾಕೇ ಎಂಬುದನ್ನು ಒಂಬತ್ತು ಮತ್ತು ಹತ್ತನೆಯ ತರಗತಿಯವರು ಚರ್ಚಾಗೋಷ್ಠಿಯಲ್ಲಿ ವಾದಿಸಲಿದ್ದಾರೆ. ಆನೆಯ ಪರ ಮಾತಾಡಿದವರಿಗಷ್ಟೇ ಬಹುಮಾನ ಎಂಬ ಏರ್ಪಾಡು ಇರುವುದಿಲ್ಲ.

ಕರ್ನಾಟಕದ ಕಾಡುಗಳಲ್ಲಿ 2023ರ ಗಣತಿಯ ಪ್ರಕಾರ ಅಂದಾಜು 6,395 ಆನೆಗಳಿವೆ; ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಅವುಗಳಲ್ಲಿ ಕೆಲವು ನಮ್ಮ ಕಾಫಿ ತೋಟಗಳಲ್ಲೇ ಓಡಾಡಿಕೊಂಡಿವೆ. 2023ರ ಡಿಸೆಂಬರಿನಲ್ಲಿ ನಮ್ಮ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ, ಹಿಂದೆ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಆನೆ ಅರ್ಜುನ ಸತ್ತಾಗ ಸೀಮೆಗೆ ಸೀಮೆಯೇ ಮರುಗಿದ್ದನ್ನು ತಾವು ಬಲ್ಲಿರಿ. ಆನೆಯ ಮೇಲೆ ಸಿಟ್ಟು, ಆನೆಯ ಸಾವಿಗೆ ಕಣ್ಣೀರು, ಎರಡೂ ಒಂದೇ ಮನೆಯಲ್ಲಿರುವುದು ನಮ್ಮಲ್ಲಿ ಹೊಸದಲ್ಲ. ಹೀಗಾಗಿ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೇವೆ: ತಮ್ಮ ಮನೆಯ ಹಿರಿಯರು ಆನೆಯ ಬಗ್ಗೆ ತಿಳಿದದ್ದನ್ನು ಕೇಳಿ ಬರೆದುಕೊಂಡು ಬರಬೇಕು. ಯಾವ ತಿಂಗಳಲ್ಲಿ ಯಾವ ದಾರಿಯಲ್ಲಿ ಬರುತ್ತವೆ, ಹಲಸು ಹಣ್ಣಾಗುವಾಗ ಏನಾಗುತ್ತದೆ, ಮರಿಯಿರುವ ಗುಂಪಿಗೂ ಒಂಟಿಸಲಗಕ್ಕೂ ನಡವಳಿಕೆಯಲ್ಲಿ ಏನು ವ್ಯತ್ಯಾಸ, ಹಿಂದಿನವರು ಗದ್ದೆಯನ್ನು ಹೇಗೆ ಕಾಯುತ್ತಿದ್ದರು ಎಂಬುದನ್ನು ತಾವು ನೋಡಿದಂತೆಯೇ ಹೇಳಿ. ನಷ್ಟದ ಕಥೆಯನ್ನೂ ಬೇಸರವನ್ನೂ ಮುಚ್ಚಿಡಬೇಕಾಗಿಲ್ಲ. ಡ್ಯಾಫ್ನಿ ಕಲಿತದ್ದು ನೋಡಿ ನೋಡಿಯೇ. ನೋಡಿ ತಿಳಿದವರು ನಮ್ಮ ಊರಿನಲ್ಲಿಯೂ ಇದ್ದಾರೆಂದು ಮಕ್ಕಳಿಗೆ ಗೊತ್ತಾಗಲಿ.

ಕಾರ್ಯಕ್ರಮ ಬೆಳಿಗ್ಗೆ ಹತ್ತು ಗಂಟೆಗೆ ಪ್ರಾರ್ಥನೆಯ ನಂತರ ಆರಂಭವಾಗುತ್ತದೆ. ಇದಕ್ಕಾಗಿ ಯಾವ ಶುಲ್ಕವೂ ಇಲ್ಲ, ವಿಶೇಷ ಉಡುಪೂ ಬೇಡ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿಯೋ ಆನೆ ಕಾರ್ಯಪಡೆಯಲ್ಲಿಯೋ ದುಡಿಯುತ್ತಿರುವ ಪೋಷಕರಿದ್ದರೆ ಮಕ್ಕಳೊಡನೆ ಮಾತನಾಡಲು ದಯವಿಟ್ಟು ಬನ್ನಿ. ಮುಂಚಿತವಾಗಿ ತರಗತಿ ಶಿಕ್ಷಕರಿಗೆ ತಿಳಿಸಿದರೆ ಅನುಕೂಲ. ಮಳೆಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಮತ್ತು ಸಂಜೆಯೇ ಆನೆಗಳು ತೋಟದಿಂದ ರಸ್ತೆಗೆ ಇಳಿಯುವುದರಿಂದ ಅಂದು ಮಧ್ಯಾಹ್ನ ಮೂರು ಗಂಟೆಗೇ ಶಾಲೆ ಬಿಡುತ್ತೇವೆ. ತೋಟದ ದಾರಿಯಲ್ಲಿ ನಡೆದು ಹೋಗುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳುಹಿಸುವುದಿಲ್ಲ, ಗುಂಪಾಗಿಯೇ ಕಳುಹಿಸುತ್ತೇವೆ. ಅಂದು ತಮ್ಮ ಭಾಗದಲ್ಲಿ ಆನೆಯಿರುವ ಸಂದೇಶವೇನಾದರೂ ಇಲಾಖೆಯಿಂದ ಬಂದಿದ್ದರೆ ಕೂಡಲೇ ಶಾಲೆಯ ದೂರವಾಣಿಗೆ ತಿಳಿಸಿ. ತಾವು ಬರುವವರೆಗೆ ಮಕ್ಕಳನ್ನು ಶಾಲೆಯಲ್ಲಿಯೇ ಇರಿಸಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು